ಮಿರ್-122 ಅವರಿಗೆ ಡಂಬಳದಿಂದ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ಮಿರ್-122 ಅವರ ಸನ್ನಿಧಾನಕ್ಕೆ,

ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡಂಬಳದಿಂದ ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಎಂದು ಪತ್ರ ಆರಂಭಿಸುವುದು ವಾಡಿಕೆ. ಹಾಗೆ ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸಬೇಕು. ನಮ್ಮ ಕಾಕಾ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಇದೆಯೆಂದು ತಿಳಿದದ್ದೇ ಗಡ್ಡೆ ಕಾಣಿಸಿದ ಮೇಲೆ. ಆಮೇಲೆ ಆ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ಎಲ್ಲಿ ನೋಡಿದರೂ ತಮ್ಮದೇ ಹೆಸರು. ಆದ್ದರಿಂದ ಈ ಅರಿಕೆಯನ್ನು ತಮಗೇ ಬರೆಯುತ್ತಿದ್ದೇನೆ.

ಮೊದಲು ತಮ್ಮ ಹಿರಿಮೆಯನ್ನು ಹೇಳಬೇಕು. ಲಿವರಿನ ಕೋಶಗಳಲ್ಲಿರುವ ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎ ತಾವು, ಇರುವುದು ಕೇವಲ 22 ಅಕ್ಷರಗಳಷ್ಟು ಉದ್ದ. ಜೀನುಗಳಿಂದ ಹೊರಟ ಸಂದೇಶದ ಆರ್‌ಎನ್‌ಎಗೆ ಅಂಟಿಕೊಂಡು, ಯಾವ ಪ್ರೋಟೀನು ಎಷ್ಟು ತಯಾರಾಗಬೇಕು ಎಂಬುದನ್ನು ಹತೋಟಿಯಲ್ಲಿಡುವುದು ತಮ್ಮ ಕಾಯಕ. ನಮ್ಮೂರ ಕೆರೆಯ ತೂಬಿನ ಹತ್ತಿರ ನಿಂತು ಯಾವ ಹೊಲಕ್ಕೆ ಎಷ್ಟು ನೀರು ಎಂದು ನೋಡಿಕೊಳ್ಳುವ ನೀರಗಂಟಿಯ ಕೆಲಸವೇ ಅದು. ಇಂಥ ಪುಟ್ಟ ಆರ್‌ಎನ್‌ಎಯೊಂದನ್ನು 1993ರಲ್ಲಿ ಒಂದು ಮಿಲಿಮೀಟರಿನ ಹುಳುವಿನಲ್ಲಿ ಕಂಡು, ಅದರ ಕೆಲಸ ತಿಳಿಸಿಕೊಟ್ಟ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಸಂದಿತು. ಲಿವರಿನಲ್ಲಿರುವ ಒಟ್ಟು ಮೈಕ್ರೋ ಆರ್‌ಎನ್‌ಎಗಳಲ್ಲಿ ಸುಮಾರು ಶೇಕಡಾ 70ರಷ್ಟು ತಾವೊಬ್ಬರೇ. ಒಂದೊಂದು ಕೋಶದಲ್ಲೂ ಹತ್ತಾರು ಸಾವಿರ ಸಂಖ್ಯೆಯಲ್ಲಿ ಕಾವಲಿಗಿದ್ದೀರಿ. ಅಷ್ಟು ದೊಡ್ಡ ಕಾವಲು ಇರುವಾಗಲೂ ಕಾಕಾನ ಮನೆ ಬರಿದಾಯಿತಲ್ಲ ಎಂಬುದೇ ನನ್ನ ಮೊದಲ ದೂರು.

ತಮ್ಮ ಅತಿಥಿಸತ್ಕಾರಕ್ಕೆ ಕೈಮುಗಿದು ಎರಡನೆಯ ದೂರು ಹೇಳುತ್ತೇನೆ. ಬೇರೆ ಸಂದೇಶಗಳಿಗೆ ಅಂಟಿಕೊಂಡರೆ ತಾವು ಅವುಗಳ ಬಾಯಿ ಕಟ್ಟುತ್ತೀರಿ. ಹೆಪಟೈಟಿಸ್ ಸಿ ವೈರಾಣು ಬಂದಾಗ ಮಾತ್ರ ಅದರ ಆರ್‌ಎನ್‌ಎಯ ತಲೆಯ ಭಾಗದಲ್ಲಿ ಎರಡು ಕಡೆ ಕೂತು, ಅದನ್ನು ಕತ್ತರಿಸಬಂದ ಕಿಣ್ವಗಳಿಂದ ಕಾಪಾಡುತ್ತೀರಿ. ತಮ್ಮ ಆಸರೆಯಿಲ್ಲದೆ ಆ ವೈರಾಣು ಬೆಳೆಯಲಾರದು ಎಂಬುದು 2005ರಲ್ಲೇ ಸ್ಟ್ಯಾನ್‌ಫರ್ಡಿನಲ್ಲಿ ಪೀಟರ್ ಸಾರ್ನೋ ಅವರ ತಂಡಕ್ಕೆ ತಿಳಿಯಿತು. ಕಳ್ಳನಿಗೆ ಚಾಪೆ ಹಾಸಿಕೊಟ್ಟ ಕಾವಲುಗಾರರು ತಾವು. ಭಾರತದಲ್ಲಿ ಸುಮಾರು 55 ಲಕ್ಷ ಜನ ಆ ವೈರಾಣುವನ್ನು ಹೊತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ಕ್ಕೆ ಅಂದಾಜು ಮಾಡಿದೆ. ಅವರೆಲ್ಲರ ಪರವಾಗಿ ಕೇಳುತ್ತೇನೆ: ಈ ಉಪಚಾರ ಬೇಕಿತ್ತೇ?

ಸಿ ವೈರಾಣುವಿಗೆ ಹಾಗೆ ಜೊತೆನಿಂತವರು, ಬಿ ವೈರಾಣು ಬಂದಾಗ ನಮ್ಮನ್ನು ಬಿಟ್ಟು ಹೋದಿರಿ. ತಪ್ಪೆಲ್ಲ ತಮ್ಮದೇ ಎನ್ನಲಾರೆ. ಆ ವೈರಾಣುವಿನ ಇಡೀ ವಂಶವಾಹಿ ಸುಮಾರು 3,200 ಅಕ್ಷರಗಳದ್ದು. ಅಷ್ಟರಲ್ಲೇ ಅದು ತನ್ನ ಸಂದೇಶಗಳಿಂದ ತಮ್ಮನ್ನು ಹೀರಿಕೊಳ್ಳುತ್ತದೆ, ತನ್ನ ಎಕ್ಸ್ ಪ್ರೋಟೀನಿನಿಂದ ತಮ್ಮ ಹುಟ್ಟನ್ನೇ ತಡೆಯುತ್ತದೆ. ತಾವು ಕಡಿಮೆಯಾದೊಡನೆ ಸೈಕ್ಲಿನ್ ಜಿ1 ಎಂಬ ಪ್ರೋಟೀನು ಹೆಚ್ಚುತ್ತದೆ. ಅದು ಪಿ53 ಎಂಬ ರಕ್ಷಕ ಪ್ರೋಟೀನನ್ನು ಹಿಡಿದು ನಿಲ್ಲಿಸುತ್ತದೆ. ಆಗ ವೈರಾಣು ಮತ್ತಷ್ಟು ಹೆಚ್ಚುತ್ತದೆ, ತಾವು ಮತ್ತಷ್ಟು ಕುಗ್ಗುತ್ತೀರಿ. ತಾವೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಲಿವರಿಗೆ ಕೊಬ್ಬು ತುಂಬಿ, ನಾರುಗಟ್ಟಿ, ಕೊನೆಗೆ ಕ್ಯಾನ್ಸರ್ ಬಂದದ್ದನ್ನು 2012ರಲ್ಲಿ ಸಂಶೋಧಕರು ತೋರಿಸಿದರು. ತಮ್ಮ ಬೆಲೆ ಎಷ್ಟೆಂದು ನಮಗೆ ಗೊತ್ತಾದದ್ದು ತಾವು ಇಲ್ಲದಾಗ.

ತಮ್ಮ ಬಳಗದ ಮಿರ್-21 ಅವರಿಗೂ ನಮಸ್ಕಾರ ತಿಳಿಸಬೇಕು. ತಾವು ಇಳಿಯುವಾಗ ಅವರು ಏರುತ್ತಾರೆ. ಕೋಶಗಳ ಬೆಳವಣಿಗೆಗೆ ಲಗಾಮು ಹಾಕುವ ಪಿಟೆನ್ ಪ್ರೋಟೀನನ್ನು ಅಡಗಿಸಿ, ಗಡ್ಡೆಗೆ ದಾರಿ ಬಿಡುತ್ತಾರೆ. ಒಂದೇ ಕುಲದಲ್ಲಿ ಹುಟ್ಟಿ ಒಬ್ಬರು ಕಾಯುವುದು, ಒಬ್ಬರು ಕೆಡಿಸುವುದು. ಈ ವ್ಯಾಜ್ಯವನ್ನು ದಯವಿಟ್ಟು ತಮ್ಮ ಮನೆಯೊಳಗೇ ತೀರಿಸಿಕೊಳ್ಳಿ, ನಮ್ಮ ಹೊಟ್ಟೆಯಲ್ಲಿ ಬೇಡ.

ತಮ್ಮ ಮೌನಕ್ಕೂ ನಾವು ಋಣಿಗಳು. ಲಿವರಿನ ಕೋಶ ಒಡೆದಾಗ ತಾವು ರಕ್ತಕ್ಕೆ ಸೋರಿಬರುತ್ತೀರಿ. ತಮ್ಮನ್ನೂ ಸೇರಿಸಿ ಏಳು ಮೈಕ್ರೋ ಆರ್‌ಎನ್‌ಎಗಳನ್ನು ಅಳೆದರೆ ಬಿ ವೈರಾಣುವಿನ ಕ್ಯಾನ್ಸರನ್ನು ಬೇಗ ಗುರುತಿಸಬಹುದೆಂದು 2011ರಲ್ಲಿ ಚೀನಾದ ವೈದ್ಯರು ಬರೆದರು. ಆದರೆ ಹೆಂಡದಿಂದ ಲಿವರ್ ಕೆಟ್ಟರೂ, ಗುಳಿಗೆ ಹೆಚ್ಚಾಗಿ ಕೆಟ್ಟರೂ ತಾವು ಹೀಗೇ ಸೋರುತ್ತೀರಿ. ಹಾಗಾಗಿ ತಮ್ಮ ಒಬ್ಬರ ಸಾಕ್ಷಿಯನ್ನು ನಂಬುವಂತಿಲ್ಲ. ನಮ್ಮಲ್ಲಿ ಜನ ನಂಬುವುದು ಕಣ್ಣಿನ ಬಣ್ಣವನ್ನು. ಕಾಕಾನ ಕಣ್ಣು ಹಳದಿಯಾದಾಗ ಕಾಕು ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು ತಂದು, ಮಣ್ಣು ತೊಳೆದು, ಒರಳಿನಲ್ಲಿ ಅರೆದು, ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕುಡಿಸಿದರು. ಹಳದಿ ಇಳಿಯಿತು. “ಕಾಮಣಿ ಇಳದೈತಿ, ಇನ್ನ ದವಾಖಾನಿ ಯಾಕ?” ಅಂದರು ಕಾಕಾ. ಅಲ್ಲಿಗೆ ಮಾತು ಮುಗಿಯಿತು.

ಆ ಸೊಪ್ಪನ್ನು ನಾನು ಹೀಗಳೆಯುವುದಿಲ್ಲ. ಕಪ್ಪತಗುಡ್ಡದ ನೆರಳಿನಲ್ಲಿರುವ ಊರು ನಮ್ಮದು, ಗಿಡಮೂಲಿಕೆಯ ಮೇಲೆ ಭಕ್ತಿ ಇದ್ದೇ ಇದೆ. ಬಿ ವೈರಾಣುವನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಕೂಡ 1988ರಲ್ಲಿ ಮದ್ರಾಸಿನ ಸಂಶೋಧಕರ ಜೊತೆ ಸೇರಿ ನೆಲನೆಲ್ಲಿಯ ಬಗ್ಗೆ ಭರವಸೆಯ ವರದಿ ಪ್ರಕಟಿಸಿದ್ದರು. ಆಮೇಲೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ. ಕಲುಷಿತ ನೀರಿನಿಂದ ಬರುವ ಎ, ಇ ವೈರಾಣುಗಳ ಕಾಮಣಿ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಕೀರ್ತಿ ಔಷಧಿಗೆ ಹೋಗುತ್ತದೆ. ಬಿ ವೈರಾಣು ಮಾತ್ರ ಹಳದಿ ಇಳಿದ ಮೇಲೂ, ಹಳದಿಯೇ ಕಾಣದಿದ್ದರೂ, ವರ್ಷಗಟ್ಟಲೆ ಒಳಗೇ ಉಳಿಯಬಲ್ಲದು.

ಔಷಧಿಯಾಗಿ ಬರುವಿರೆಂದು ತಮ್ಮ ಬಳಗದ ದಾರಿ ಕಾದೆವು. ತಮ್ಮನ್ನು ಕಟ್ಟಿಹಾಕಿ ಸಿ ವೈರಾಣುವನ್ನು ಇಳಿಸುವ ಮಿರಾವಿರ್ಸೆನ್ ಚುಚ್ಚುಮದ್ದು 2013ರಲ್ಲಿ ಆಸೆ ಹುಟ್ಟಿಸಿತು. ಅಷ್ಟರಲ್ಲಿ ಸೋಫೋಸ್ಬುವಿರ್ ಗುಳಿಗೆಯೇ ಬಂದು ಸಿ ರೋಗವನ್ನು ಕೆಲವೇ ವಾರಗಳಲ್ಲಿ ಗುಣಮಾಡತೊಡಗಿತು. ತಮ್ಮ ದಾಯಾದಿ ಮಿರ್-34ರ ನಕಲನ್ನು ಲಿವರ್ ಕ್ಯಾನ್ಸರಿನವರಿಗೆ ಕೊಟ್ಟು ನೋಡಿದ ಪ್ರಯೋಗ, ಗಂಭೀರ ಅಡ್ಡಪರಿಣಾಮಗಳಿಂದ 2016ರಲ್ಲಿ ನಿಂತಿತು. ಬಿ ವೈರಾಣುವಿಗೆ ಟೆನೋಫೊವಿರ್ ಗುಳಿಗೆ ಇದೆ. ಅದು ವೈರಾಣುವನ್ನು ಹತ್ತಿಕ್ಕುತ್ತದೆ, ಬೇರುಸಹಿತ ಕೀಳುವುದಿಲ್ಲ. ಆ ಬೇರಿನ ಕೆಲಸಕ್ಕಾಗಿ ತಮ್ಮನ್ನು ಈಗಲೂ ಬೇಡುತ್ತಿದ್ದೇವೆ. ಬೇಗ ಬನ್ನಿ.

ತಾವು ಬರುವತನಕ ನಾವು ಕೈಕಟ್ಟಿ ಕೂರುವುದಿಲ್ಲ ಎಂಬುದನ್ನೂ ವಿನಯದಿಂದ ತಿಳಿಸುತ್ತೇನೆ. 2022ರ ಅದೇ ಅಂದಾಜಿನಂತೆ ದೇಶದಲ್ಲಿ ಬಿ ವೈರಾಣು ಹೊತ್ತವರು ಸುಮಾರು 2.98 ಕೋಟಿ, ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ಹುಟ್ಟುವಾಗ ತಾಯಿಯಿಂದ ಸೋಂಕು ತಗುಲಿದರೆ ಹತ್ತರಲ್ಲಿ ಒಂಬತ್ತು ಕೂಸುಗಳಿಗೆ ಅದು ಜೀವನಪರ್ಯಂತ ಅಂಟಿಕೊಳ್ಳುತ್ತದೆ. ಹುಟ್ಟಿದ 24 ಗಂಟೆಯೊಳಗೆ ಹಾಕುವ ಒಂದು ಲಸಿಕೆ, ಆಮೇಲೆ 6, 10, 14ನೇ ವಾರದ ಲಸಿಕೆಗಳು ಅದನ್ನು ತಡೆಯುತ್ತವೆ. 2018ರ ಜುಲೈ 28ರಂದು ಆರಂಭವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆ, ಗುಳಿಗೆ ಎರಡೂ ಉಚಿತ. ಬಸುರಿಯರ ರಕ್ತಪರೀಕ್ಷೆ, ಕ್ಷೌರಕ್ಕೆ ಹೊಸ ಬ್ಲೇಡು, ಜಾತ್ರೆಯ ಹಚ್ಚೆಗೆ ಹೊಸ ಸೂಜಿ, ಕಾಮಣಿ ಇಳಿದವರಿಗೂ ಒಮ್ಮೆ ಬಿ ಮತ್ತು ಸಿ ತಪಾಸಣೆ: ಇವಿಷ್ಟನ್ನು ಡಂಬಳದ ಮನೆಮನೆಗೂ ಹೇಳಲು ನನಗೆ ಯಾವ ಪ್ರಯೋಗಾಲಯದ ಅಪ್ಪಣೆಯೂ ಬೇಕಿಲ್ಲ. ಕಾಕಾನ ಮಕ್ಕಳ ಪರೀಕ್ಷೆ ಮಾಡಿಸಿದ್ದೇವೆ. ಮೊಮ್ಮಗಳಿಗೆ ಹುಟ್ಟಿದ ದಿನವೇ ಲಸಿಕೆ ಆಗಿದೆ. ಅವಳ ಲಿವರಿನಲ್ಲಾದರೂ ತಾವು ಕೊನೆಯತನಕ ಕಾವಲು ಬಿಡದೆ ಇರಬೇಕೆಂದು ಕೇಳಿಕೊಳ್ಳುವ

ತಮ್ಮ ವಿಧೇಯ,
ಡಂಬಳದ ಒಬ್ಬ ನಿವಾಸಿ