ಕಾರಿಗೆ ನಾಲ್ಕು ಚದರ, ದೇವರಿಗೆ ಎಂಟು ಚದರಡಿ

ಅಮೆರಿಕದಲ್ಲಿ ನಮ್ಮಂಥವರು ಮನೆ ಕಟ್ಟಿಸುವುದಿಲ್ಲ, ಆರಿಸುತ್ತೇವೆ. ಬಿಲ್ಡರ್ ಹತ್ತಿರ ದರ್ಶಿನಿಯ ಬೋರ್ಡಿನ ಹಾಗೆ ಒಂದು ಪಟ್ಟಿ ಇರುತ್ತದೆ. ಅಡುಗೆಮನೆ ನಾಲ್ಕಡಿ ಮುಂದಕ್ಕೆ ಬರಬೇಕೇ? ಇಷ್ಟು ಡಾಲರ್. ಕೆಳಮಹಡಿಯಲ್ಲಿ ಅತಿಥಿಗಳಿಗೊಂದು ಕೋಣೆ ಬೇಕೇ? ಅಷ್ಟು ಡಾಲರ್. "ಈ ಗೋಡೆ ಒಂದೇ ಒಂದಡಿ ಆಚೆ ಹೋಗಲಿ" ಅಂದರೆ ಮಾತ್ರ ನಗುತ್ತಾ ತಲೆ ಅಲ್ಲಾಡಿಸುತ್ತಾರೆ. ಅದು ಪಟ್ಟಿಯಲ್ಲಿಲ್ಲ.

ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ ನಮ್ಮ ಮನೆಯ ಆಯ್ಕೆ ನಡೆದದ್ದು ಮಾವನವರ ಅಧ್ಯಕ್ಷತೆಯಲ್ಲಿ. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದವರಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ. ಅದರ ಮೇಲೆ ಅವರು ಪಿಡಬ್ಲ್ಯೂಡಿಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಸೇಲ್ಸ್ ಹುಡುಗಿ "ಎರಡು ಸಾವಿರದ ಎಂಟುನೂರು ಚದರಡಿ" ಅಂದದ್ದೇ ತಡ, ಮಾವ ಕಣ್ಣು ಮುಚ್ಚಿ, "28 ಚದರ. ವಿಜಯನಗರದಲ್ಲಿ ನಮ್ಮ 30×40 ಸೈಟು ಇಡಿಯಾಗಿ ಹನ್ನೆರಡು ಚದರ ಕಣಮ್ಮಾ. ಅದರಲ್ಲಿ ನಾವೂ ಇದ್ದು ಇಬ್ಬರು ಬಾಡಿಗೆಯವರೂ ಇದ್ದಾರೆ" ಅಂದರು. ಏನು ಹೇಳಿದರು ಅಂತ ಹುಡುಗಿ ಕೇಳಿದಳು. "ಮನೆ ಚೆನ್ನಾಗಿದೆಯಂತೆ" ಅಂದೆ.

ಮನೆಯೇನೋ ಚೆನ್ನಾಗಿತ್ತು, ವಾಸ್ತು ಹೇಳುವ ಆಯ ಸರಿಯಿರಲಿಲ್ಲ. ಉದ್ದಗಲ ಗುಣಿಸಬೇಕು, ಬಂದದ್ದನ್ನು ಒಂಬತ್ತರಿಂದ ಗುಣಿಸಬೇಕು, ಎಂಟರಿಂದ ಭಾಗಿಸಬೇಕು. ಶೇಷ ಒಂದು ಉಳಿದರೆ ಧ್ವಜಾಯ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ. ಇವು ಶುಭ. ಎರಡು ಉಳಿದರೆ ಧೂಮ, ನಾಲ್ಕಕ್ಕೆ ಶ್ವಾನ, ಆರಕ್ಕೆ ಖರ, ಏನೂ ಉಳಿಯದಿದ್ದರೆ ಕಾಕ. ಬಿಲ್ಡರ್ ಮಹಾಶಯನಿಗೆ ಸಮಸಂಖ್ಯೆಯ ಮೇಲೆ ಅದೇನು ಪ್ರೀತಿಯೋ! ನಮ್ಮ ಮಲಗುವ ಕೋಣೆ 14×16, ಕಾಕ. ಊಟದ ಕೋಣೆ 11×12, ಶ್ವಾನ. ಮಗಳ ಕೋಣೆ 10×13, ಧೂಮ. ಒಟ್ಟಿನಲ್ಲಿ ನಾಲ್ಕು ಲಕ್ಷ ಡಾಲರಿನ ಮೇಲೆ ಸುರಿದು ಕಾಗೆ, ನಾಯಿ, ಹೊಗೆಯ ಜೊತೆ ಸಂಸಾರ ಮಾಡಬೇಕು.

"ತಾತ, ಎಂಟರಿಂದ ಭಾಗಿಸೋದೇ ಆದರೆ ಒಂಬತ್ತರಿಂದ ಯಾಕೆ ಗುಣಿಸ್ತೀರಿ? ಗುಣಿಸದಿದ್ರೂ ಶೇಷ ಅದೇ ಬರುತ್ತಲ್ಲ" ಅಂದಳು ಎಂಟನೇ ಕ್ಲಾಸಿನ ಮಗಳು. "ಎರಡೂ ಅಳತೆ ಬೆಸಸಂಖ್ಯೆ ಆಗಿಬಿಟ್ಟರೆ ಯಾವಾಗಲೂ ಒಳ್ಳೇದೇ."

"ಶಾಸ್ತ್ರದಲ್ಲಿ ಶಾರ್ಟ್‌ಕಟ್ ಇಲ್ಲ ಪುಟ್ಟಿ" ಅಂದರು ಮಾವ. ಆದರೂ ಮಾರನೆಯ ದಿನ ಮಾಡೆಲ್ ಮನೆಗೆ ಟೇಪು ಹಿಡಿದೇ ಬಂದರು. ಕಾಗದದ ಮೇಲೆ 14×16 ಇದ್ದ ಕೋಣೆ ಗೋಡೆಯ ಒಳಮೈಯಿಂದ ಅಳೆದರೆ 13 ಅಡಿ 9 ಅಂಗುಲಕ್ಕೆ 15 ಅಡಿ 9 ಅಂಗುಲ. "ಅಂಗುಲ ಬಿಟ್ಟುಬಿಡು" ಅಂದರು. 13×15, ನೂರ ತೊಂಬತ್ತೈದು, ಶೇಷ ಮೂರು. ಕಾಗೆ ಹಾರಿ ಸಿಂಹ ಬಂದು ಕೂತಿತು. ಸರ್ಕಾರಿ ಇಂಜಿನಿಯರಿಗೆ ಅಳತೆ ಹೊಂದಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿನ ಸರ್ಕಾರಕ್ಕೂ ಒಂದು ಶಾಸ್ತ್ರ ಇದೆ. ಜನ ವಾಸಿಸುವ ಕೋಣೆ ಕನಿಷ್ಠ 70 ಚದರಡಿ ಇರಬೇಕು, ಯಾವ ಕಡೆಯೂ ಏಳಡಿಗೆ ಕಡಿಮೆ ಆಗಕೂಡದು. ಮಲಗುವ ಕೋಣೆಯಾದರೆ ಬೆಂಕಿ ಬಿದ್ದಾಗ ಹಾರಿಕೊಳ್ಳುವಷ್ಟು ದೊಡ್ಡ ಕಿಟಕಿಯೂ ಬೇಕು. ಈ 70 ಚದರಡಿ ನಿಯಮದಿಂದ ಅಡುಗೆಮನೆಗೆ ಮಾತ್ರ ವಿನಾಯಿತಿ! ಬರೆದವರು ಒಂದು ದಿನವೂ ಹಬ್ಬದ ಅಡುಗೆ ಮಾಡಿದವರಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಅದೇ ನಮ್ಮ ನಕ್ಷೆಯಲ್ಲಿ ಬಟ್ಟೆ ಇಡುವ ವಾಕ್-ಇನ್ ಕ್ಲಾಸೆಟ್ 8×10. ಅಂದರೆ ಮನುಷ್ಯನಿಗೆ ಕಾನೂನು ಕೊಟ್ಟದ್ದಕ್ಕಿಂತ ಹತ್ತು ಚದರಡಿ ಹೆಚ್ಚು ಜಾಗ ನಮ್ಮೆಜಮಾನರ ಟೀ ಶರ್ಟುಗಳಿಗೆ.

"ಎಲ್ಲ ಸರಿ, ದೇವರ ಮನೆ ಎಲ್ಲಿ?" ಅಂದರು ಅತ್ತೆ.

ನಕ್ಷೆ ಹರಡಿ ಈಶಾನ್ಯ ಮೂಲೆ ಹುಡುಕಿದೆವು. ಅಲ್ಲಿ ಬಂದವರಿಗೆಂದು ಟಾಯ್ಲೆಟ್ ಇತ್ತು. ಅತ್ತೆ ರಾಮ ರಾಮ ಅಂದು ಕಿವಿ ಮುಚ್ಚಿಕೊಂಡರು. ಕೊನೆಗೆ ಉಳಿದದ್ದು ಬಾಗಿಲ ಪಕ್ಕ ಚಳಿಗಾಲದ ಕೋಟು ನೇತುಹಾಕುವ ಕಪಾಟು. ಎರಡಡಿ ಆಳ, ನಾಲ್ಕಡಿ ಅಗಲ. ಕೋಟಿನ ಸರಳು ಕಿತ್ತು, ಮೆಟ್ಟಿಲಾಗಿ ಹಲಗೆ ಹೊಡೆದು, ಗಣಪತಿ, ವೆಂಕಟರಮಣ, ರಾಯರನ್ನು ಒತ್ತೊತ್ತಾಗಿ ಕೂರಿಸಿದೆವು. ಕಿಟಕಿಯಿಲ್ಲ, ಹೊಗೆ ಹೊರಗೆ ಬರಲೇಬೇಕು. ಹೊರಗೆ ಚಾವಣಿಯಲ್ಲಿ ಸ್ಮೋಕ್ ಅಲಾರಂ. ಅತ್ತೆ ಮಂಗಳಾರತಿ ಎತ್ತಿದರೆ ಅದು ತಾನಾಗಿ ಜಾಗಟೆ ಬಾರಿಸುತ್ತದೆ. ಮಗ ಪೊರಕೆ ಹಿಡಿದು ಓಡಿಬಂದು ಅದರ ಗುಂಡಿ ಒತ್ತುತ್ತಾನೆ, ಆಮೇಲೆ ಪ್ರಸಾದ. ಮನೆ ಕಳೆದುಕೊಂಡ ಕೋಟುಗಳು ನಡುಮನೆಯ ಸೋಫಾ ಮೇಲೆ ಮಲಗಿರುತ್ತವೆ, ಬಂದವರು ನಿಂತೇ ಮಾತಾಡುತ್ತಾರೆ.

ಹೀಗೆ ಕೋಣೆ ಕೋಣೆಗೂ ಜಗಳವಾಡಿ ಅಳತೆ ಗೊತ್ತು ಮಾಡಿದ ಮೇಲೆ ತಿಳಿದದ್ದು, ಆ 28 ಚದರದಲ್ಲಿ ಗರಾಜೂ ಸೇರಿಲ್ಲ, ಬೇಸ್‌ಮೆಂಟೂ ಸೇರಿಲ್ಲ ಅಂತ. ನೆಲಮಟ್ಟಕ್ಕಿಂತ ಕೆಳಗಿನದು ಮನೆಯ ವಿಸ್ತೀರ್ಣಕ್ಕೆ ಬರುವುದಿಲ್ಲ, ಕಾರಿನ ಜಾಗವೂ ಬರುವುದಿಲ್ಲ. ನಾವು ಬದುಕುವುದು ಇವೆರಡರಲ್ಲೇ.

ಗರಾಜು 20×20, ನಾಲ್ಕು ಚದರ. ಬೇಸಿಗೆಯಲ್ಲಿ ಅದರ ಬಾಗಿಲು ಎತ್ತಿದರೆ ಮಾವನಿಗೆ ಜಗಲಿ. ಮಡಿಸುವ ಕುರ್ಚಿ ಹಾಕಿಕೊಂಡು, ನಾಯಿ ಹಿಡಿದು ಹೋಗುವ ಬೀದಿಯವರನ್ನೆಲ್ಲ ಮಾತಾಡಿಸುತ್ತಾರೆ. ಯಾರ ಮನೆಗೆ ಹೊಸ ಛಾವಣಿ, ಯಾರಿಗೆ ಮೊಮ್ಮಗು, ಎಲ್ಲ ಗೊತ್ತು. ಅಡುಗೆಮನೆಯಲ್ಲಿ ಕರಿದರೆ ಮೇಲಿನ ಕ್ಲಾಸೆಟ್ಟಿನ ಸೂಟಿಗೂ ಬಜ್ಜಿಯ ವಾಸನೆ ಹತ್ತುತ್ತದೆ ಅಂತ ಕರಿಯುವುದೆಲ್ಲ ಅಲ್ಲೇ, ಬಾಗಿಲು ಪೂರ್ತಿ ಎತ್ತಿ, ವಿದ್ಯುತ್ ಒಲೆಯ ಮೇಲೆ. ಜನವರಿಯಲ್ಲಿ ಅದೇ ಫ್ರಿಜ್ಜು. ಇಪ್ಪತ್ತು ಜನಕ್ಕೆ ಮಾಡಿದ ಹುಳಿಯ ಪಾತ್ರೆಯನ್ನು ರಾತ್ರಿ ಅಲ್ಲಿಟ್ಟರೆ ಬೆಳಿಗ್ಗೆ ಸೌಟು ನೆಟ್ಟಗೆ ನಿಂತಿರುತ್ತದೆ. ಬೇಸ್‌ಮೆಂಟಿನಲ್ಲಿ ಕನ್ನಡ ಕೂಟದ ರಾಜ್ಯೋತ್ಸವ ನಾಟಕದ ತಾಲೀಮು, ಊರಿಂದ ಬಂದ ಹಿಂಡು ನೆಂಟರಿಗೆ ಸಾಲು ಹಾಸಿಗೆ, ಪಕ್ಕದಲ್ಲಿ ಸೋನಾ ಮಸೂರಿಯ ಮೂಟೆಗಳು. ಮೇಲೆ ಹನ್ನೊಂದಕ್ಕೆ ಹನ್ನೆರಡಡಿಯ ಊಟದ ಕೋಣೆಯಲ್ಲಿ ಮಗ ಹೋಂವರ್ಕ್ ಮಾಡುತ್ತಾನೆ. ಅಲ್ಲಿ ಊಟ ಮಾಡಿದವರನ್ನು ನಾನು ಕಂಡಿಲ್ಲ.

ಆದ್ದರಿಂದ ಹೊಸದಾಗಿ ಮನೆ ಹುಡುಕುವ ಕನ್ನಡಿಗರು ಕೇಳಿದರೆ ನನ್ನ ಸಲಹೆ ಒಂದೇ. ಕೋಣೆಗಳ ಬಗ್ಗೆ ಗಂಡ ಹೆಂಡತಿ ಮುನಿಸಿಕೊಳ್ಳಬೇಡಿ, ಚೀಟಿ ಎತ್ತಿ. ಗರಾಜು ಮಾತ್ರ ಮೂರು ಕಾರಿನದು ತಗೊಳ್ಳಿ, ಕಾರುಗಳನ್ನು ಬೀದಿಯಲ್ಲಿ ನಿಲ್ಲಿಸಿ. ಮಾವ ಅದಕ್ಕೊಂದು ತಿದ್ದುಪಡಿ ಸೇರಿಸುತ್ತಾರೆ: 31ಕ್ಕೆ 21 ಇರೋದು ನೋಡಿ. ಸಿಂಹಾಯ.