ಬೇಲಿ ದಾಟಿದ ಕೊಂಬೆ

ಪಕ್ಕದ ಮನೆ ಭಾವನ ಬಕ್ಕೆ ಹಲಸಿನ ಒಂದು ಕೊಂಬೆ ಬೇಲಿ ದಾಟಿ ನಮ್ಮತ್ತ ಬಂದು ಹನ್ನೆರಡು ವರ್ಷವಾದರೂ ಆದೀತು. ಗುಜ್ಜೆ ಬಿಡುವಾಗಲೇ ಲೆಕ್ಕ ಹಾಕಿಟ್ಟುಕೊಳ್ಳುತ್ತೇನೆ, ಆಚೆ ಬದಿಗೆ ಎಷ್ಟು, ಈಚೆ ಬದಿಗೆ ಎಷ್ಟು ಅಂತ. ಹಾಗೆಂದು ಕೊಂಬೆಯ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ ಅಂದುಕೊಳ್ಳಬೇಡಿ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಗೆ ಮಧ್ಯಾಹ್ನ ಮೂರು ಗಂಟೆಗೇ ನೆರಳು. ಮೊನ್ನೆ ಊಟಕ್ಕೆ ಕೂತಾಗ ಇದನ್ನೇ ಗೊಣಗಿದೆ. ಮಗಳು ಸುಳ್ಯದಲ್ಲಿ ಲಾ ಓದುತ್ತಾಳೆ, ಅವಳಿಗೆ ಅಷ್ಟೇ ಸಾಕಾಯಿತು.

"ಕಡಿಯಬಹುದು ಅಪ್ಪ. ಮಾವನಿಗೆ ಹೇಳಬೇಕಂತಲೂ ಇಲ್ಲ, ನಮ್ಮ ಜಾಗದಲ್ಲೇ ನಿಂತು ಕಡಿದರಾಯಿತು. ಆದರೆ ಹಲಸಿನಕಾಯಿ ಅವರದ್ದೇ."

ಇದೆಂಥ ಕಥೆ ಮಾರಾಯ್ರೆ! ನೆರಳು ನನ್ನ ಅಂಗಳಕ್ಕೆ, ಕಾಯಿ ಅವರ ಅಡುಗೆಮನೆಗೆ? ಇಂಗ್ಲೆಂಡಿನಲ್ಲಿ ಲೆಮನ್ ಅಂತ ಒಬ್ಬರ ಮರ, ವೆಬ್ ಅಂತ ಇನ್ನೊಬ್ಬರ ಜಾಗ, 1895ರ ತೀರ್ಪಿನ ಸಂಪುಟದಲ್ಲಿ ಉಂಟಂತೆ. ಕೊಂಬೆ ಎಷ್ಟು ವರ್ಷ ಚಾಚಿಕೊಂಡಿದ್ದರೂ ಮರದವನಿಗೆ ಹಕ್ಕು ಹುಟ್ಟುವುದಿಲ್ಲ ಅಂದರಂತೆ ಅಲ್ಲಿನ ದೊಡ್ಡವರು. ಆಮೇಲೆ 1919ರಲ್ಲಿ ಇನ್ನೊಬ್ಬ ಮಹಾಶಯ ತನ್ನತ್ತ ಬಾಗಿದ ಕೊಂಬೆಯ ಸೇಬು ಕಿತ್ತು ಮಾರಿದ, ಹಣ ಕಕ್ಕಬೇಕಾಯಿತು. ಹಲಸಿನ ತಕರಾರಿಗೆ ನಿಂಬೆ, ಸೇಬಿನ ಜವಾಬು! "ಅದು ಅಲ್ಲಿಯದಲ್ವಾ, ನಮಗೆಂಥಕ್ಕೆ?" ಅಂದೆ. ಇಲ್ಲಿ ಅದಕ್ಕೆ ಪುಸ್ತಕವೇ ಇಲ್ಲವಂತೆ, ಆದ್ದರಿಂದ ಅಲ್ಲಿಯದನ್ನೇ ಹಿಡಿಯುವುದಂತೆ.

ಪುಸ್ತಕ ಇಲ್ಲ ಅನ್ನುವುದು ನಿಜ. ಕಳ್ಳತನಕ್ಕೆ ಉಂಟು, ಕರಾರಿಗೆ ಉಂಟು, ಆದರೆ ನೆರೆಯವನು ಮಾಡಿದ ಲುಕ್ಸಾನಿಗೆ, ಅಪಕೃತ್ಯ ಅಂತ ಕನ್ನಡದಲ್ಲಿ ಹೇಳುತ್ತಾರಲ್ಲ, ಅದಕ್ಕೆ ಒಂದು ಸಂಹಿತೆ ಅಂತ ಇಲ್ಲ. ಪೊಲಾಕ್ ಎಂಬ ವಿದ್ವಾಂಸರು 1886ರಲ್ಲೇ ಭಾರತಕ್ಕೆಂದು ಕರಡು ಬರೆದುಕೊಟ್ಟಿದ್ದರು. ಅದು ಕಾಯ್ದೆಯಾಗಲೇ ಇಲ್ಲ. ಮದುವೆ ನಿಶ್ಚಯವಾಗಿ ನಿಂತುಹೋದ ಹುಡುಗನ ಹಾಗೆ ಅದು ಇನ್ನೂ ಪುಸ್ತಕಗಳಲ್ಲಿ ಓಡಾಡಿಕೊಂಡುಂಟು. ಅಪಕೃತ್ಯಕ್ಕೆ ಇಂಗ್ಲಿಷಿನಲ್ಲಿ ಟಾರ್ಟ್ ಅನ್ನುತ್ತಾರಲ್ಲ, ಆ ಶಬ್ದದ ಮೂಲ ಅರ್ಥವೇ ಡೊಂಕು ಅಂತೆ. ನಮ್ಮ ಬೇಲಿ ನೋಡಿದವರಿಗೆ ಬೇರೆ ವಿವರಣೆ ಬೇಕಾಗದು.

ಪುಸ್ತಕವಿಲ್ಲದೆಯೂ ನಡೆಯುತ್ತದೆ ಬಿಡಿ. ಹದಿನೈದು ವರ್ಷದ ಹಿಂದಿನ ಸುರಂಗದ ಕಥೆ ನಿಮಗೆ ಹೇಳಿದ್ದೇನಾ? ಮನೆ ಹಿಂದಿನ ಗುಡ್ಡಕ್ಕೆ ಅಜ್ಜ ನೀರಿಗೆಂದು ಕೊರೆಸಿದ ಸುರಂಗ, ಬತ್ತಿ ಎಷ್ಟೋ ಕಾಲವಾಗಿತ್ತು. ಒಂದು ಏಪ್ರಿಲಿನ ಬೆಳಗ್ಗೆ ನೋಡಿದರೆ ಅದರ ಬಾಯಿಯಿಂದ ಕೆಂಪು ನೀರು ಬುಳುಬುಳು ಬರುತ್ತಿದೆ! ಮನೆಯಾಕೆ ದೀಪ ಹಚ್ಚಿಟ್ಟಳು. ನಾನು ಕೊಡಪಾನ, ಬಕೆಟು, ಕಡೆಗೆ ಹಂಡೆಯನ್ನೂ ತಂದಿಟ್ಟೆ. ಹತ್ತು ಗಂಟೆ ಹೊತ್ತಿಗೆ ನೀರು ಸಣ್ಣಗಾಯಿತು. ಹನ್ನೊಂದಕ್ಕೆ ಗುಡ್ಡದ ಮೇಲಿನ ಮನೆಯವರು ತಲೆಗೆ ಮುಟ್ಟಾಳೆ ಇಟ್ಟುಕೊಂಡು ಇಳಿದು ಬಂದರು. "ನಮ್ಮ ಹೊಂಡದ ನೀರೇನಾದರೂ ಇತ್ತ ಬಂತಾ?" ಪ್ಲಾಸ್ಟಿಕ್ ಹೊದೆಸಿದ ಹೊಂಡ, ಹೆಗ್ಗಣ ಕೊರೆದಿತ್ತು. ಅವರ ನೀರು ಅಜ್ಜನ ಸುರಂಗಕ್ಕೆ ಬಿದ್ದು, ನಮ್ಮ ದೀಪದಿಂದ ಪೂಜೆ ಮಾಡಿಸಿಕೊಂಡು, ಕೆಳಗಿನ ತೋಟದ ಇಪ್ಪತ್ತು ಅಡಿಕೆ ಸಸಿಗಳನ್ನು ಕೊಚ್ಚಿಕೊಂಡು ಹೋಗಿತ್ತು.

ಇದನ್ನು ಮಗಳಿಗೆ ಹೇಳಿದರೆ ಅವಳು ಕುಣಿದಾಡಿದಳು. ಅಚ್ಚು ಇದೇ ಕೇಸು ಉಂಟಂತೆ! ಲ್ಯಾಂಕಶೈರಿನ ರೈಲ್ಯಾಂಡ್ಸ್ ತನ್ನ ಗಿರಣಿಗೆಂದು ಕೆರೆ ಕಟ್ಟಿಸಿದ. ನೀರು ಹಳೇ ಗಣಿಯ ಬಾವಿಗಳ ಮೂಲಕ ಇಳಿದು ನೆರೆಯವ ಫ್ಲೆಚರನ ಗಣಿ ಮುಳುಗಿಸಿತು. ತಪ್ಪು ಮಾಡಿರಲಿ, ಮಾಡದಿರಲಿ, ತಂದು ಕೂಡಿಟ್ಟವನೇ ಹೊಣೆ ಅಂತ 1868ರಲ್ಲಿ ತೀರ್ಮಾನ. ಆದರೆ ತಮಾಷೆ ಮುಂದೆ ಉಂಟು. ಆರೇ ವರ್ಷಕ್ಕೆ, 1874ರಲ್ಲಿ, ನಮ್ಮ ಮದ್ರಾಸಿನಿಂದಲೇ ಒಂದು ಕೇಸು ಲಂಡನ್ನಿಗೆ ಹೋಯಿತು. (1956ರ ತನಕ ಪುತ್ತೂರು, ಸುಳ್ಯ ಎಲ್ಲ ಮದ್ರಾಸೇ ಅಲ್ವಾ?) ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಮಳೆಗೆ ಒಡೆದು ರೈಲ್ವೆಗೆ ಹಾನಿಯಾದದ್ದು. ಅಲ್ಲಿ ಜಮೀನ್ದಾರ ಗೆದ್ದ. ಕೆರೆ ಈ ದೇಶದಲ್ಲಿ ತಲೆತಲಾಂತರದ್ದು, ಊರಿನ ಬೇಸಾಯಕ್ಕೆ ಬೇಕೇ ಬೇಕಾದದ್ದು, ಕಾಪಾಡುವುದು ಅವನ ಕರ್ತವ್ಯ, ಅಜಾಗರೂಕತೆ ಇಲ್ಲದಿದ್ದರೆ ಹೊಣೆಯಿಲ್ಲ ಅಂದರು. ಗಿರಣಿ ನೀರಿಗೆ ಒಂದು ನ್ಯಾಯ, ಗದ್ದೆ ನೀರಿಗೆ ಒಂದು. ನನಗೇನೋ ಇದು ಸರಿ ಕಾಣುತ್ತದೆ. ಗುಡ್ಡದ ಮೇಲಿನವರು ಯಾವ ತೀರ್ಪೂ ಓದದೆ ಮಳೆ ಹಿಡಿಯುವಾಗ ಇಪ್ಪತ್ತೈದು ಸಸಿ ತಂದು ಇಳಿಸಿದರು. ಐದು ಬಡ್ಡಿಯೋ, ದೀಪದ ಎಣ್ಣೆಗೋ, ಕೇಳಲಿಲ್ಲ.

ಎಲ್ಲ ಕಡೆ ಹೀಗೆ ಸಸಿ ತಂದುಕೊಡುವವರು ಇರುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರಲ್ಲ, ಆ ಮದ್ದು ಬೇಲಿ ನೋಡಿತೇ? ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಕೇರಳಕ್ಕೆ ಹೇಳುವಾಗ 2017 ಆಗಿತ್ತು. ನಮ್ಮ ಬದಿಯಲ್ಲೂ ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಎತ್ತಿ ಎತ್ತಿ ಬೆನ್ನು ಬಾಗಿದ ತಾಯಂದಿರು ಇದ್ದಾರೆ. ಈ ಮಾತು ಇಲ್ಲಿಗೆ ಬಿಡುತ್ತೇನೆ, ಹರಟೆಯಲ್ಲಿ ಹಿಡಿಯುವಂಥದ್ದಲ್ಲ.

ಎಲ್ಲಿದ್ದೆ? ಹಾಂ, ಕರಾರಿಗೆ ಪುಸ್ತಕ ಉಂಟು ಅಂದೆ. 1872ರದ್ದು. ಅದನ್ನು ಬಿಡಿಸಿ ನೋಡಿ, 75ನೇ ಕಲಮು ಮುಗಿದ ಕೂಡಲೇ 124! ಪುಟ ಹರಿದಿದೆಯೋ ಅಂತ ನಾನು ಹೊಲಿಗೆ ಪರೀಕ್ಷಿಸಿದೆ. ಅವಿಭಕ್ತ ಕುಟುಂಬವಂತೆ ಅದು. 1930ರಲ್ಲಿ ಸರಕು ಮಾರಾಟದವರು ಪಾಲು ತೆಗೆದುಕೊಂಡು ಬೇರೆ ಹೋದರು, 1932ರಲ್ಲಿ ಪಾಲುದಾರಿಕೆಯವರು. ಹಳೇ ಮನೆಯಲ್ಲಿ ಕೋಣೆಗಳು ಖಾಲಿ, ನಂಬರು ಮಾತ್ರ ಬದಲಾಗಲಿಲ್ಲ.

ಹಾಗೆ ಬೇರೆ ಹೋದ 1930ರ ಕಾಯ್ದೆ ಉಂಟಲ್ಲ, ಅದನ್ನು ಬರೆದವರು ಪುತ್ತೂರಿನ ಅಡಿಕೆ ಅಂಗಡಿಯಲ್ಲಿ ಒಂದು ಗಳಿಗೆ ಕೂತಿದ್ದರೇನೋ ಅಂತ ನನಗೆ ಅನುಮಾನ. ನಾವು ಚೀಲದಲ್ಲಿ ಒಂದು ಸೇರು ಮಾದರಿ ಒಯ್ಯುತ್ತೇವೆ. ಸಾಹುಕಾರರು ನಾಲ್ಕು ಆರಿಸಿ, ಒಂದನ್ನು ಕತ್ತರಿಸಿ, ಒಳಗಿನ ಬಿಳಿ ಗೆರೆಯನ್ನು ಬೆಳಕಿಗೆ ಹಿಡಿದು ದರ ಹೇಳುತ್ತಾರೆ. "ಆಯ್ತು" ಅಂದರೆ ಆಯ್ತು. ಕಾಗದ ಇಲ್ಲ, ಸಹಿ ಇಲ್ಲ, ಬಾಯಿಮಾತೂ ಕರಾರೇ. ಮರುದಿನ ಜೀಪಿನಿಂದ ಗೋಣಿ ಇಳಿಸಿದಾಗ ಅವರು ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಮುಷ್ಟಿ ಎಳೆಯುತ್ತಾರೆ. ಮಾದರಿಯ ಹಾಗೆಯೇ ರಾಶಿಯೂ ಇರಬೇಕು, ತಾಳೆ ನೋಡಲು ಅವಕಾಶ ಕೊಡಬೇಕು ಅಂತ 17ನೇ ಕಲಮು. ಒಮ್ಮೆ ನನ್ನ ಗೋಣಿಯ ತಳದಿಂದ ಮುಷ್ಟಿ ತುಂಬ ಕೀಳು ದರ್ಜೆಯ ಕರಿಗೋಟೇ ಬಂತು. ಸುಲಿಯುವವರು ರಾಶಿ ಬೆರೆಸಿದ್ದರು, ನಾನು ನೋಡಿರಲಿಲ್ಲ. ಸಾಹುಕಾರರು ಒಂದೂ ಮಾತಾಡಲಿಲ್ಲ, ಆ ಮುಷ್ಟಿಯನ್ನು ಮೇಜಿನ ಮೇಲೆ ನನ್ನೆದುರು ಸುರಿದು ಚಾ ತರಿಸಿದರು. ಆ ಚಾ ಇಳಿಯುವುದೇ ಕಷ್ಟವಾಯಿತು ನೋಡಿ.

ಮೊನ್ನೆ ಆದಿತ್ಯವಾರ ಭಾವ ಬೇಲಿ ಹತ್ತಿರ ನಿಂತು, "ಕೊಂಬೆ ನಿಮಗೆ ತೊಂದರೆಯಾ? ಕತ್ತಿ ತರುತ್ತೇನೆ, ಕಡಿದುಬಿಡುವಾ" ಅಂದರು. ಮೇಲೆ ನೋಡಿದೆ. ಈಚೆ ಬದಿಗೆ ಏಳು ಇದ್ದವು. ಇಷ್ಟು ವರ್ಷ ಈಚೆಯದ್ದನ್ನು ಇಳಿಸಿದವನು ನಾನೇ, ಯಾರೂ ಕೇಳಿದ್ದಿಲ್ಲ. ಕಡಿದರೆ ಕಾಯಿ ಯಾರದ್ದು ಅನ್ನುವ ಮಾತು ಬಂದೀತು, ಮಗಳು ಬೇರೆ ಜಗಲಿಯಲ್ಲೇ ಕೂತಿದ್ದಾಳೆ.

"ಛೆ, ಎಂಥ ತೊಂದರೆ! ಇರಲಿ ಭಾವ, ಹಣ್ಣಾಗಲಿ" ಅಂದೆ.

ಅಡಿಕೆಯನ್ನು ಒಂದು ಮಾರು ಮೂಡಣಕ್ಕೆ ಎಳೆದು ಹರಡಿದ್ದೇನೆ. ಅಲ್ಲಿ ನಾಲ್ಕೂವರೆ ತನಕ ಬಿಸಿಲುಂಟು.