ಗಣಕಾಮಾತ್ಯ ವೇಗ ಮೀಮಾಂಸೆ

ಕೋಡ್ ಬರೆದುಕೊಡುವ ಕೃತಕ ಬುದ್ಧಿಯ ಸಹಾಯಕನು ಆರಂಭದಲ್ಲಿ ಚುರುಕಾಗಿದ್ದು, ಬರಬರುತ್ತಾ ತೆವಳತೊಡಗುವುದೇಕೆ? ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ಮೈಸೂರಿಗಲ್ಲದೆ ಅನ್ಯ ನಗರಕ್ಕಿಲ್ಲ. ಪ್ರಮಾಣ ಬೇಕಾದವರು ಕೃಷ್ಣರಾಜ ಬುಲೆವಾರ್ಡಿಗೆ ಹೋಗಿ ನೋಡಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ. ಅಚ್ಚು ಹಾಕಿಸಿದ್ದು 1909ರಲ್ಲಿ. ಬೆಂಗಳೂರಿನವರ ಬಳಿ ಎಷ್ಟೇ ಸ್ಟಾರ್ಟಪ್ ಇರಲಿ, ಕೌಟಿಲ್ಯನ ಕಟ್ಟು ಬಿಚ್ಚಿದವರು ನಾವು.

ರಾಜ್ಯಕ್ಕೆ ಏಳು ಅಂಗ ಎನ್ನುತ್ತಾನೆ ಕೌಟಿಲ್ಯ. ಲ್ಯಾಪ್‌ಟಾಪಿಗೂ ಏಳೇ. ಕುರ್ಚಿಯಲ್ಲಿ ಕೂತವನು ಸ್ವಾಮಿ. ಸಹಾಯಕನು ಅಮಾತ್ಯ. ಪ್ರಾಜೆಕ್ಟ್ ಫೋಲ್ಡರ್ ಜನಪದ, ಲ್ಯಾಪ್‌ಟಾಪೇ ದುರ್ಗ, ರ್‍ಯಾಮ್ ಕೋಶ, ಪ್ರೊಸೆಸರ್ ದಂಡ, ದೂರದ ಡೇಟಾ ಸೆಂಟರು ಮಿತ್ರ. ಈ ಹೊಂದಾಣಿಕೆಯಲ್ಲಿ ಎಳ್ಳಷ್ಟೂ ಬಲವಂತವಿಲ್ಲವೆಂದು ಪ್ರಬಂಧಕಾರನು ತಾನೇ ಪರಿಶೀಲಿಸಿ ತಾನೇ ಒಪ್ಪಿದ್ದಾನೆ.

ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ದೊಡ್ಡ ಜಗಳವಿದೆ. ಯಾವ ಅಂಗ ಕೆಟ್ಟರೆ ಹೆಚ್ಚು ಅನರ್ಥ? ಸ್ವಾಮಿಗಿಂತ ಅಮಾತ್ಯ ಕೆಟ್ಟರೆ ಎಂದ ಭಾರದ್ವಾಜ. ಅಮಾತ್ಯನಿಗಿಂತ ಜನಪದ ಎಂದ ವಿಶಾಲಾಕ್ಷ. ಜನಪದಕ್ಕಿಂತ ದುರ್ಗ ಎಂದವರು ಪಾರಾಶರರು, ದುರ್ಗಕ್ಕಿಂತ ಕೋಶ ಎಂದವನು ಪಿಶುನ, ಕೋಶಕ್ಕಿಂತ ದಂಡ ಎಂದವನು ಕೌಣಪದಂತ, ದಂಡಕ್ಕಿಂತ ಮಿತ್ರ ಎಂದವನು ವಾತವ್ಯಾಧಿ. ಈ ಆರೂ ಮತಗಳ ಅನುಯಾಯಿಗಳು ಇಂದಿಗೂ ಮೈಸೂರಿನಲ್ಲಿ ವಾಸವಾಗಿದ್ದಾರೆ. ಸಹಾಯಕ ನಿಧಾನವಾಯಿತೆಂದು ಬಾಯಿಬಿಟ್ಟರೆ ಸಾಕು, ಒಬ್ಬೊಬ್ಬರಾಗಿ ಹೊರಬರುತ್ತಾರೆ.

ಪಾರಾಶರ ಮತದವರು ಅಂಗಡಿ ಇಟ್ಟಿರುತ್ತಾರೆ. “ಸಾರ್, ಇದು ಹಳೇದಾಯ್ತು, ಹೊಸದು ತಗೊಳ್ಳಿ” ಎಂಬುದೊಂದೇ ಅವರ ಸೂತ್ರ. ಅದಕ್ಕೆ ಭಾಷ್ಯ ಬೇಕಿಲ್ಲ. ಪಿಶುನ ಮತದವರು ತುಸು ದಯಾಳುಗಳು, ರ್‍ಯಾಮ್ ಹಾಕಿಸಿದರೆ ಸಾಕೆನ್ನುತ್ತಾರೆ. ಇವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮಾತ್ಯನನ್ನು ನಮ್ಮ ದುರ್ಗದಲ್ಲೇ ಇಟ್ಟು ಸಾಕುವುದಾದರೆ ಕೋಶವನ್ನು ನೋಡಿಕೊಳ್ಳಲೇಬೇಕು. 700 ಕೋಟಿ ಪ್ಯಾರಾಮೀಟರಿನ ಚಿಕ್ಕ ಮಾಡೆಲ್ಲಿಗೇ, ಒಂದೊಂದಕ್ಕೆ 16 ಬಿಟ್‌ನಂತೆ, 14 ಜಿಬಿ ಬೇಕು. 4 ಬಿಟ್‌ಗೆ ಕುಗ್ಗಿಸಿದರೆ ಮೂರೂವರೆ ಜಿಬಿ. 8 ಜಿಬಿಯ ದುರ್ಗದಲ್ಲಿ ಕುಗ್ಗಿದ ಅಮಾತ್ಯನೇನೋ ಹಿಡಿಸುತ್ತಾನೆ. ಆದರೆ ಅಲ್ಲಿ ಕ್ರೋಮ್ ಎಂಬ ಸಾಮಂತನು ಮೊದಲೇ ಪರಿವಾರಸಮೇತ ಬೀಡುಬಿಟ್ಟಿರುತ್ತಾನೆ. ಜಾಗ ಸಾಲದೆ ಮೆಮೊರಿಯ ಸರಕು ಡಿಸ್ಕಿಗೆ ಹೋಗಿಬರತೊಡಗಿದ ಮೇಲೆ ಒಂದು ಸಾಲು ಕೋಡ್ ಬರುವಷ್ಟರಲ್ಲಿ ಫಿಲ್ಟರ್ ಕಾಫಿ ಇಳಿದಿರುತ್ತದೆ.

ಬಹುತೇಕರ ಅಮಾತ್ಯನಾದರೋ ಮಿತ್ರನ ಮನೆಯಲ್ಲೇ ಇದ್ದಾನೆ. ಯೋಚನೆ ಅಲ್ಲಿ ನಡೆಯುತ್ತದೆ, ಇಲ್ಲಿಗೆ ಉತ್ತರ ಮಾತ್ರ ಬರುತ್ತದೆ. ಅಂಥವರು ಕೋಶವನ್ನು ಎಷ್ಟು ತುಂಬಿಸಿದರೂ ಮಾಡೆಲ್ಲಿನ ಯೋಚನೆ ಒಂದು ಕ್ಷಣವೂ ಬೇಗ ಮುಗಿಯದು. ಎಡಿಟರ್ ತಡವರಿಸುವುದು ನಿಂತೀತು, ಅಷ್ಟೆ. ಈ ಭೇದವನ್ನು ಅರಿಯದೆ ಹಣ ಸುರಿದ ಸ್ವಾಮಿಗಳು ಹೆಬ್ಬಾಳದಿಂದ ಕುವೆಂಪುನಗರದವರೆಗೆ ಇದ್ದಾರೆ.

ಕೌಣಪದಂತ ಮತವು ಬೇಸಿಗೆಯಲ್ಲಿ ಪ್ರಬಲವಾಗುತ್ತದೆ. ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆಂಬುದು ನಿಜ. ಏಪ್ರಿಲ್ ಮಧ್ಯಾಹ್ನ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಾಳಿಕಿಂಡಿ ಮುಚ್ಚಿದವನು ಸೈನ್ಯವನ್ನು ದೂಷಿಸುವಂತಿಲ್ಲ.

ವಿಶಾಲಾಕ್ಷನ ಮಾತಿಗೆ ಮಾತ್ರ ಪ್ರಬಂಧಕಾರನು ತಲೆಬಾಗುತ್ತಾನೆ. ಜನಪದದಲ್ಲಿ ನೋಡ್ ಮಾಡ್ಯೂಲ್ಸ್ ಎಂಬ ಅಗ್ರಹಾರವಿದೆ. ಅಲ್ಲಿನ ಸಾವಿರಾರು ಫೈಲುಗಳಲ್ಲಿ ಒಂದನ್ನೂ ಸ್ವಾಮಿ ಬರೆದಿಲ್ಲ, ಓದಿಲ್ಲ, ಓದುವುದೂ ಇಲ್ಲ. ಹಾಗಿದ್ದೂ ತಡೆಯದಿದ್ದರೆ ಎಡಿಟರ್ ಅವನ್ನೆಲ್ಲ ಕಾಯುತ್ತದೆ, ಸೂಚಿ ಮಾಡುತ್ತದೆ. ಬಿಲ್ಡ್ ಫೋಲ್ಡರು, ಹಳೆಯ ಲಾಗುಗಳದೂ ಇದೇ ಕಥೆ. “ಇತ್ತ ನೋಡಬೇಡ” ಎಂದು ಇಗ್ನೋರ್ ಫೈಲಿನಲ್ಲಿ ಬರೆಯಲು ನಾಲ್ಕು ಸಾಲು ಸಾಕು.

ಈಗ ಸಿದ್ಧಾಂತ. ಆರು ಮತಗಳನ್ನೂ ತಳ್ಳಿಹಾಕಿ ಕೌಟಿಲ್ಯ ಹೇಳಿದ್ದು: ಅಂಗಗಳಲ್ಲಿ ಮುಂದಿನದರ ಕೇಡಿಗಿಂತ ಹಿಂದಿನದರ ಕೇಡು ದೊಡ್ಡದು, ಎಲ್ಲಕ್ಕೂ ದೊಡ್ಡದು ಸ್ವಾಮಿಯ ಕೇಡು. ಗಣಕದಲ್ಲಿ ಆ ವ್ಯಸನದ ಲಕ್ಷಣ ಸ್ಪಷ್ಟ. ಬೆಳಿಗ್ಗೆ ಜಿಎಸ್‌ಟಿ ಲೆಕ್ಕದ ತಪ್ಪು ಹುಡುಕಲು ಶುರುಮಾಡಿದ ಸಂಭಾಷಣೆಯಲ್ಲೇ ಮಧ್ಯಾಹ್ನ ಲಾಗಿನ್ ಪುಟ ಮಾಡಿಸಿ, ಸಂಜೆ ಅದೇ ಕಿಟಕಿಯಲ್ಲಿ ಭಾವಮೈದುನನ ಮದುವೆಯ ವೆಬ್‌ಸೈಟಿಗೆ ಕೈಹಾಕುವುದು. ಅಮಾತ್ಯನಿಗೆ ಸ್ವಂತ ನೆನಪಿಲ್ಲ. ಪ್ರತಿ ಪ್ರಶ್ನೆಯ ಜೊತೆಗೆ ಹಿಂದಿನ ಮಾತುಕತೆಯಷ್ಟೂ ಮತ್ತೆ ಅವನ ಮುಂದೆ ಹೋಗುತ್ತದೆ. ಒಮ್ಮೆ ಓದಿದ್ದನ್ನು ಕ್ಯಾಶ್‌ನಲ್ಲಿಟ್ಟು ಶ್ರಮ ಉಳಿಸುವ ಉಪಾಯಗಳಿವೆ. ಆದರೂ ಪ್ರತಿ ತುಣುಕನ್ನೂ ಹಿಂದಿನವುಗಳೊಡನೆ ಹೋಲಿಸಿ ನೋಡುವುದೇ ಅವನ ಪದ್ಧತಿಯಾದ್ದರಿಂದ, ಮಾತುಕತೆ ಎರಡು ಪಟ್ಟಾದರೆ ಆ ಹೋಲಿಕೆಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಮದುವೆಮನೆಯ ಹೂವಿನ ಬಣ್ಣ ನಿರ್ಧರಿಸಲು ಆತ ಜಿಎಸ್‌ಟಿಯಿಂದ ಹೊರಡಬೇಕು.

ಇಲ್ಲೊಂದು ಆಕ್ಷೇಪವಿದೆ, ಮೈಸೂರಿನ ಅಟ್ಟಗಳಿಂದಲೇ ಹುಟ್ಟಿದ್ದು: ಹಳೆಯದನ್ನು ಬಿಟ್ಟು ಹೊಸ ಸಂಭಾಷಣೆ ತೆರೆಯುವುದೆಂದರೆ ಕಳೆದುಕೊಂಡಂತಲ್ಲವೆ? ಆ ತಾಳೆಗರಿಯನ್ನೂ ಯಾರೋ ಹೀಗೇ ಬಿಟ್ಟಿದ್ದರೆ ಅರ್ಥಶಾಸ್ತ್ರ ಸಿಗುತ್ತಿತ್ತೆ? ಸಮಾಧಾನ ಹೀಗೆ. ಲೈಬ್ರರಿಯಲ್ಲಿ ಕಟ್ಟುಗಳೆಲ್ಲ ಭದ್ರವಾಗಿವೆ. ಹಾಗೆಂದು ಒಂದು ಕಟ್ಟು ಕೇಳಿದ ಓದುಗನ ಮೇಜಿಗೆ ಎಲ್ಲವನ್ನೂ ತಂದು ಸುರಿಯುವುದಿಲ್ಲ. ಬರೆದ ಕೋಡ್ ಗಿಟ್‌ನಲ್ಲಿದೆ; ಹಳೆಯ ಮಾತುಕತೆಯ ಸಾರವನ್ನು ಕೆಲವು ಸಾಲಿಗಿಳಿಸಿ ಹೊಸದರ ತಲೆಗೆ ಅಂಟಿಸಿದರಾಯಿತು.

ಆ ಸಾಲುಗಳನ್ನು ಬರೆಯುವ ಬಗೆಗೂ ಅರ್ಥಶಾಸ್ತ್ರದಲ್ಲಿ ವಿಧಿಯಿದೆ. ರಾಜಶಾಸನ ಬರೆಯುವವನಿಗೆ ಅಲ್ಲಿ ಹೇಳಿದ ಗುಣಗಳಲ್ಲಿ ಅರ್ಥಕ್ರಮ, ಪರಿಪೂರ್ಣತೆ, ಸ್ಪಷ್ಟತೆ ಇವೆ. ದೋಷಗಳಲ್ಲಿ ಪುನರುಕ್ತಿ ಇದೆ. ಸಹಾಯಕನು ಪ್ರತಿ ಸಲ ಮೊದಲು ಓದುವ ಸೂಚನಾ ಫೈಲನ್ನು ಈ ಬೆಳಕಿನಲ್ಲಿ ತೆರೆದು ನೋಡಿದರೆ, ಒಂದೇ ಆಜ್ಞೆ ಮೂರು ಕಡೆ ಮೂರು ಬಗೆಯಲ್ಲಿ ಇರುವುದು ಕಾಣುತ್ತದೆ. ಅವುಗಳಲ್ಲೆರಡು ಪರಸ್ಪರ ವಿರುದ್ಧವೂ ಆಗಿರುತ್ತವೆ.

ಗುಣಗಳ ಪಟ್ಟಿಯಲ್ಲಿ ಮಾಧುರ್ಯವೂ ಇದೆ. ವೇಗದ ಹೆಸರಿನಲ್ಲಿ ಇದನ್ನು ಕೈಬಿಡಬೇಕೆಂಬ ವಾದ ಹೊರಗಿನಿಂದ ಬಂದಿದ್ದು, ಈ ಊರಿನಲ್ಲಿ ಸಲ್ಲದು. “ದಯವಿಟ್ಟು ಸ್ವಲ್ಪ ನೋಡಿ” ಎಂಬುದರ ಹೊರೆ ಅಂಟಿಸಿದ ಲಾಗಿನ ಒಂದೆರಡು ಸಾಲಿಗಿಂತ ಹೆಚ್ಚಲ್ಲ. “ಊಟ ಆಯ್ತಾ?” ಎಂದು ವಿಚಾರಿಸಿಯೇ ಕೆಲಸ ಹೇಳುವ ಸರಸ್ವತಿಪುರಂ ಸಂಪ್ರದಾಯದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಮಾತ್ಯನು ತಾನೇಕೆ ಉಣ್ಣಲಾರೆನೆಂಬುದನ್ನು ಮೂರು ಪ್ಯಾರಾದಲ್ಲಿ ವಿವರಿಸುತ್ತಾನೆ, ಮುಂದಿನ ಪ್ರಶ್ನೆಯ ಜೊತೆ ಅದೂ ಹೋಗುತ್ತದೆ.